ಚಿಕ್ಕೋಡಿಯಿಂದ ಡೆಟ್ರಾಯಿಟ್: ಶ್ರೀ ಥಾನೇದಾರ್ ಸೀಟು ಈ ಸಲ ಉಳಿಯುತ್ತಾ?

ಹಿಮದೂರ ಕನ್ನಡಿಗ

ಮನೆಯ ವಾಟ್ಸಾಪ್ ಗುಂಪಿಗೆ ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು. "ಬೆಳಗಾವಿ ಹುಡುಗ ಅಮೆರಿಕದ ಸಂಸತ್ತಿನಲ್ಲಿ". ಹುಡುಗನಿಗೆ ಈಗ 71 ವರ್ಷ, ಇರಲಿ. ಕೆಳಗೆ ದೊಡ್ಡಪ್ಪನ ಪ್ರಶ್ನೆ: "ನೀನೂ ಆ ಕಡೆಯೇ ಇದ್ದೀಯಲ್ಲ, ನಿನ್ನ ವೋಟು ಅವರಿಗೇ ತಾನೇ?"

ಅಲ್ಲ ದೊಡ್ಡಪ್ಪ, ನಾನಿರುವುದು ಕ್ಯಾಂಟನ್. ಅವರದು ಮಿಚಿಗನ್‌ನ 13ನೇ ಕ್ಷೇತ್ರ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ, ಆದರೆ ಗೆರೆಯ ಆಚೆ. ನಮ್ಮ ಜನ ಜಾಸ್ತಿ ಇರುವ ಟ್ರಾಯ್, ನೋವೈ, ಕ್ಯಾಂಟನ್ ಯಾವುದೂ ಅವರ ಕ್ಷೇತ್ರಕ್ಕೆ ಬರುವುದಿಲ್ಲ ಅಂದೆ. "ಹಾಗಾದರೆ ಅಲ್ಲಿ ಅವರಿಗೆ ವೋಟು ಹಾಕುವವರು ಯಾರು ಮತ್ತೆ?" ಅಂದರು.

ಒಳ್ಳೆಯ ಪ್ರಶ್ನೆ. ಅದಕ್ಕೇ ಈ ಥ್ರೆಡ್.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಟ್ಟಿದ್ದು ಚಿಕ್ಕೋಡಿ, 1955. ಬೆಳೆದದ್ದು ಬೆಳಗಾವಿ. ಇವರಿಗೆ 14 ವರ್ಷವಾದಾಗ ತಂದೆ ನಿವೃತ್ತರಾದರು. ದೊಡ್ಡ ಸಂಸಾರ, ಸಣ್ಣಪುಟ್ಟ ಕೆಲಸ ಮಾಡುತ್ತಲೇ ಓದಿದರು. ಕರ್ನಾಟಕ ವಿಶ್ವವಿದ್ಯಾಲಯದಿಂದ ಕೆಮಿಸ್ಟ್ರಿ ಬಿ.ಎಸ್ಸಿ. ಆಮೇಲೆ ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ಮುಂಬಯಿಯಲ್ಲಿ ಎಂ.ಎಸ್ಸಿ., ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸ. 1979ರಲ್ಲಿ ಅಮೆರಿಕಕ್ಕೆ ಬಂದರು. ಓಹಾಯೋದ ಆಕ್ರನ್‌ನಲ್ಲಿ ಪಿಎಚ್‌ಡಿ, ವಿಷಯ ಪಾಲಿಮರ್. ಆಕ್ರನ್ ಟೈರಿನ ಊರು. ಟೈರಿನ ಊರಲ್ಲಿ ಓದಿ ಕಾರಿನ ಊರಲ್ಲಿ ರಾಜಕೀಯ ಮಾಡಿದ ಮನುಷ್ಯ.

1991ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಮಿರ್ ಅನ್ನುವ ಪುಟ್ಟ ಲ್ಯಾಬ್ ಕೊಂಡರು. ಒಂದು ಪ್ಲಾಸ್ಟಿಕ್ ಚೂರು ಕೊಟ್ಟರೆ ಅದರೊಳಗೆ ಏನೇನಿದೆ ಅಂತ ಪತ್ತೆ ಮಾಡಿ ಕೊಡುವ ಲ್ಯಾಬ್ ಅದು. ಅದು ಬೆಳೆಯಿತು. ಮುಂದೆ ಔಷಧಿ ಕ್ಷೇತ್ರಕ್ಕೆ ಕೈ ಹಾಕಿದರು, 2010ರ ಹೊತ್ತಿಗೆ ಮುಳುಗಿತು. ಮಿಚಿಗನ್‌ನ ಆನ್ ಆರ್ಬರ್‌ಗೆ ಬಂದು ಅವೊಮೀನ್ ಅಂತ ಇನ್ನೊಂದು ಲ್ಯಾಬ್ ಶುರು ಮಾಡಿದರು. 2016ರಲ್ಲಿ ಅದರ ದೊಡ್ಡ ಪಾಲು ಮಾರಿದರು. 2018ರಲ್ಲಿ ನೇರವಾಗಿ ಗವರ್ನರ್ ಸ್ಥಾನಕ್ಕೇ ನಿಂತರು! ಸ್ವಂತ ದುಡ್ಡು ಸುಮಾರು 1 ಕೋಟಿ ಡಾಲರ್ ಸುರಿದರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆಯಲ್ಲಿ, ಮೂರನೇ ಸ್ಥಾನ, ಶೇ 17.7 ಮತ. ಗೆದ್ದವರು ಗ್ರೆಚೆನ್ ವಿಟ್ಮರ್. ಆಮೇಲೆ ಡೆಟ್ರಾಯಿಟ್‌ಗೆ ಮನೆ ಬದಲಾಯಿಸಿದರು. 2020ರಲ್ಲಿ ಮಿಚಿಗನ್ ಹೌಸ್‌ಗೆ, ಅಂದರೆ ರಾಜ್ಯದ ಕೆಳಮನೆಗೆ ಆಯ್ಕೆ, 2022ರಲ್ಲಿ ವಾಷಿಂಗ್ಟನ್‌ನ ಸಂಸತ್ತಿಗೆ. ಈಗ ಮೂರನೇ ಅವಧಿಗೆ ಓಡಾಟ.

ಊರಲ್ಲಿ ಇದನ್ನೆಲ್ಲ ಸಿನಿಮಾ ಥರ ಹೇಳುತ್ತಾರೆ. ಇಲ್ಲಿ ಆ ಕ್ಷೇತ್ರದೊಳಗೆ ಇರುವವರು ಯಾರಾದರೂ ಇದ್ದರೆ ಹೇಳಿ, ಅಲ್ಲಿ ಏನು ಮಾತಿದೆ?

ಕುಂದಾ ಪ್ರಿಯ

ನಮ್ಮವರು ಗೆಲ್ಲಬೇಕು ಅಷ್ಟೇ. ಜೈ ಕರ್ನಾಟಕ.

ಸುಮ್ನೆ ಓದುಗ

ಒಂದು ಸಣ್ಣ ಅನುಮಾನ. "ಶ್ರೀ" ಅವರ ಹೆಸರೋ, ಗೌರವಕ್ಕೆ ಹಾಕಿದ್ದೋ? ಆಮಂತ್ರಣ ಪತ್ರಿಕೆಯಲ್ಲಿ ಶ್ರೀ ಶ್ರೀ ಥಾನೇದಾರ್ ಅಂತ ಹಾಕಿದರೆ ಮಠದ ಸ್ವಾಮಿಗಳು ಅಂದುಕೊಳ್ಳುತ್ತಾರೆ.

ಹಿಮದೂರ ಕನ್ನಡಿಗ

ಹೆಸರೇ ಶ್ರೀ. ನಮ್ಮ ದೊಡ್ಡಪ್ಪ ಇನ್ನೂ ಒಂದು ಹೆಜ್ಜೆ ಮುಂದೆ. "ಕಾಂಗ್ರೆಸ್ ಸದಸ್ಯ" ಅಂತ ಓದಿ, "ಅಲ್ಲೂ ಕಾಂಗ್ರೆಸ್ಸಾ?" ಅಂತ ಬೇಜಾರು ಮಾಡಿಕೊಂಡಿದ್ದರು. ಪಕ್ಷ ಡೆಮಾಕ್ರಟಿಕ್, ಸಂಸತ್ತಿನ ಹೆಸರು ಕಾಂಗ್ರೆಸ್ ಅಂತ ತಿಳಿಸಲು ಎರಡು ವಾಯ್ಸ್ ಮೆಸೇಜ್ ಬೇಕಾಯಿತು.

ಗಡಿ ಕನ್ನಡಿಗ

ನಮ್ಮವರು ನಮ್ಮವರು ಅಂತೀರಲ್ಲ, ಅವರ ಮನೆಮಾತು ಮರಾಠಿ. ಆತ್ಮಕಥೆ ಬರೆದದ್ದೂ ಮರಾಠಿಯಲ್ಲೇ. ಮಹಾರಾಷ್ಟ್ರದ ಪೇಪರ್‌ಗಳು "ಮರಾಠಿ ಮಾಣೂಸ್" ಅಂತ ಬರೆದುಕೊಂಡಿವೆ. ನಾವ್ಯಾಕೆ ಕುಣಿಯಬೇಕು?

ಚಿಕ್ಕೋಡಿ ಎಕ್ಸ್‌ಪ್ರೆಸ್

ನಾನು ಅದೇ ತಾಲೂಕಿನವನು ರೀ. ನಮ್ಮ ಕಡೆ ಮನೆಯೊಳಗೆ ಮರಾಠಿ, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಮ್ಮ ಅಜ್ಜಿ ಕಬ್ಬಿನ ಲೆಕ್ಕ ಕನ್ನಡದಲ್ಲಿ ಬರೆದು ಅಭಂಗ ಮರಾಠಿಯಲ್ಲಿ ಹಾಡುತ್ತಿದ್ದಳು. ಅವಳು ಯಾರವಳು ಅಂತ ಯಾರೂ ಕೇಳಲಿಲ್ಲ. ಮನೆಮಾತು ಮರಾಠಿ ಇದ್ದರೆ ಚಿಕ್ಕೋಡಿಯಲ್ಲಿ ಹುಟ್ಟಿದ್ದು ಸುಳ್ಳಾಗುತ್ತಾ?

ಲೆಕ್ಕದ ಮೇಷ್ಟ್ರು

ತಪ್ಪು ತಿಳಿಯಬೇಡಿ, ಒಂದು ತಿದ್ದುಪಡಿ. ಅವರು ಹುಟ್ಟಿದ್ದು 1955ರ ಫೆಬ್ರವರಿ 22. ರಾಜ್ಯಗಳ ಪುನರ್ವಿಂಗಡಣೆ ಆದದ್ದು 1956ರ ನವೆಂಬರ್ 1. ಅವರು ಹುಟ್ಟಿದ ದಿನ ಚಿಕ್ಕೋಡಿ ಇದ್ದದ್ದು ಬಾಂಬೆ ರಾಜ್ಯದಲ್ಲಿ. ಆದ್ದರಿಂದ ಇಬ್ಬರೂ ಅರ್ಧರ್ಧ ಸರಿ, ಜಗಳ ಮುಂದುವರಿಸಬಹುದು.

ನಿರ್ವಾಹಕ

ಬೇಡ ಮೇಷ್ಟ್ರೇ. ಗಡಿ ವಿವಾದಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಆಗಲೇ 400 ಕಮೆಂಟ್ ದಾಟಿದೆ. ಇಲ್ಲಿ ಡೆಟ್ರಾಯಿಟ್ ಮಾತ್ರ.

ಬಿ ಫಾರಂ

ತುಮಕೂರಿನಲ್ಲಿ ಕೂತು ಅಮೆರಿಕದ ಎಲೆಕ್ಷನ್ ನೋಡುವ ಚಟ ನನಗೆ. ದೊಡ್ಡಪ್ಪನಿಗೆ ಹೀಗೆ ಹೇಳಿ.

ನಮ್ಮಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್. ದಿಲ್ಲಿಗೆ ಹೋಗಿ ಕೂರಬೇಕು, ಲಾಬಿ ಮಾಡಬೇಕು, ಕೊನೆಯ ರಾತ್ರಿ ಹೆಸರು ಬದಲಾಗಬಹುದು. ಅಲ್ಲಿ ಬಿ ಫಾರಂ ಕೊಡುವವರೇ ಮತದಾರರು. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಮಿಚಿಗನ್‌ನಲ್ಲಿ ಯಾವ ಪಕ್ಷದ ಸದಸ್ಯ ಅಂತ ನೋಂದಣಿಯೂ ಬೇಡ, ಬೂತಿಗೆ ಹೋಗಿ ಯಾವ ಪಕ್ಷದ ಕಾಲಂನಲ್ಲಿ ಬೇಕೋ ಅದರಲ್ಲಿ ಗುರುತು ಹಾಕಬಹುದು. ಒಂದೇ ಪಕ್ಷದ್ದು ಮಾತ್ರ.

13ನೇ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಗಟ್ಟಿ ಕೋಟೆ. ನವೆಂಬರ್‌ನಲ್ಲಿ ಥಾನೇದಾರ್ 2022ರಲ್ಲೂ 2024ರಲ್ಲೂ ಶೇ 70ರ ಆಸುಪಾಸಿನಲ್ಲಿ ಗೆದ್ದರು. ಅಂದರೆ ನಿಜವಾದ ಚುನಾವಣೆ ಆಗಸ್ಟ್‌ನಲ್ಲೇ ಮುಗಿದುಹೋಗುತ್ತದೆ. ಈ ಸಲ ಆಗಸ್ಟ್ 4.

ಇನ್ನೊಂದು ವಿಷಯ. ಅವರ ಅವಧಿ ಎರಡೇ ವರ್ಷ. ಗೆದ್ದು ಹಾರ ಒಣಗುವ ಮೊದಲೇ ಮುಂದಿನ ಪ್ರಚಾರ. ಒಂದು ಕ್ಷೇತ್ರದಲ್ಲಿ ಸುಮಾರು 7.75 ಲಕ್ಷ ಜನ, ಮತದಾರರಲ್ಲ, ಮಕ್ಕಳೂ ಸೇರಿ. ಚಿಕ್ಕೋಡಿಯ ಈಗಿನ ಸಂಸದೆ ಪ್ರಿಯಾಂಕಾ ಜಾರಕಿಹೊಳಿ ಅವರಿಗೆ ಇದಕ್ಕಿಂತ ಎಷ್ಟೋ ದೊಡ್ಡ ಕ್ಷೇತ್ರ, ಆದರೆ ಐದು ವರ್ಷ ನೆಮ್ಮದಿ.

ಅಕ್ಕಿರೊಟ್ಟಿ

ನಾನು ಆ ಕ್ಷೇತ್ರದೊಳಗೇ ಇದ್ದೇನೆ. ಡೆಟ್ರಾಯಿಟ್ ಈಸ್ಟ್ ಸೈಡ್, ನಾಲ್ಕು ವರ್ಷ ಆಯಿತು. ಹಾಸನದವಳು. ವೋಟು ಇಲ್ಲ, ನಾವಿಬ್ಬರೂ ವೀಸಾದ ಮೇಲೆ ಇರುವವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಬೀದಿ ಹೇಗಿದೆ ಅಂದರೆ, ಬಲಗಡೆ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ. ಎಡಗಡೆ ಮನೆಗೆ ಕಿಟಕಿ ಬಾಗಿಲಿಗೆಲ್ಲ ಪ್ಲೈವುಡ್ ಹೊಡೆದಿದೆ. ಅದರಾಚೆ ಬರೀ ಹುಲ್ಲು, ಮನೆ ಕೆಡವಿ ಎಷ್ಟೋ ವರ್ಷವಾಗಿದೆ. 1950ರಲ್ಲಿ ಈ ಊರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 2020ರ ಜನಗಣತಿಯಲ್ಲಿ 6.39 ಲಕ್ಷ. ಅಂಕಿ ಓದಿದರೆ ಅರ್ಥವಾಗಲ್ಲ, ನಮ್ಮ ಬೀದಿಯ ಕೊನೆಯಲ್ಲಿ ನಿಂತರೆ ಆಗುತ್ತದೆ.

ಪಕ್ಕದ ಮನೆಯ ಅಮ್ಮ ಹಿಮ ತೆಗೆಯುವಾಗ ಒಂದು ದಿನ ಕೇಳಿದರು, ಆ ಕಾಂಗ್ರೆಸ್‌ಮ್ಯಾನ್ ನಿಮ್ಮೂರಿನವರಾ ಅಂತ. ಒಂದೇ ರಾಜ್ಯ, ಆದರೆ ನಮ್ಮೂರಿನಿಂದ ಎಂಟು ಗಂಟೆ ದಾರಿ ಅಂದೆ. ಸಲಿಕೆ ಊರಿ ನಿಂತು ನಕ್ಕರು. "ಎಂಟು ಗಂಟೆ ಓಡಿಸಿದರೆ ನಾನು ವಾಷಿಂಗ್ಟನ್ ಮುಟ್ಟುತ್ತೇನೆ ಮಗಳೇ."

ಆಮೇಲೆ ಅವರೇ ಹೇಳಿದರು. ಅವರ ತಾಯಿ ಈ ಊರಿನ ಹಳೇ ಕಾಂಗ್ರೆಸ್ ಸದಸ್ಯ ಚಾರ್ಲ್ಸ್ ಡಿಗ್ಸ್‌ಗೆ ವೋಟು ಹಾಕಿದ್ದವರು. ಇವರು ಮೊದಲ ವೋಟು ಹಾಕಿದ್ದು ಜಾನ್ ಕಾನ್ಯರ್ಸ್‌ಗೆ. ಕಾನ್ಯರ್ಸ್ 1965ರಿಂದ 2017ರವರೆಗೆ ಕಾಂಗ್ರೆಸ್‌ನಲ್ಲಿ ಇದ್ದರು, ಒಬ್ಬರೇ. ಥಾನೇದಾರ್ ಬಗ್ಗೆ ಅವರಿಗೆ ಸಿಟ್ಟೇನೂ ಇಲ್ಲ. ಅವರ ಮಾತು ಪೂರ್ತಿ ನೆಲಮಾಳಿಗೆಯ ಬಗ್ಗೆ. 2021ರ ಜೂನ್ ಮಳೆಗೆ ಚರಂಡಿ ನೀರು ಮೇಲೆ ಬಂದು ವಾಷಿಂಗ್ ಮಷೀನ್, ಬಾಯ್ಲರ್, ಗಂಡನ ಫೋಟೊ ಇದ್ದ ಪೆಟ್ಟಿಗೆ ಎಲ್ಲ ಹೋಯಿತು. ಗೋಡೆಯ ಮೇಲೆ ನೀರು ನಿಂತ ಗೆರೆ ಈಗಲೂ ಇದೆ, ನನ್ನ ಮೊಣಕಾಲಿಗಿಂತ ಮೇಲೆ. ಯಾರು ಬಂದರೂ ಆ ಗೆರೆ ತೋರಿಸುತ್ತಾರೆ. ಚುನಾವಣೆ ಅಂದರೆ ಅವರಿಗೆ ಆ ಗೆರೆ.

ಲೆಕ್ಕದ ಮೇಷ್ಟ್ರು

ಅಕ್ಕಾ, ನೀವು ಡಿಗ್ಸ್ ಹೆಸರು ಹೇಳಿದ್ದು ಒಳ್ಳೆಯದಾಯಿತು. ಚಾರ್ಲ್ಸ್ ಡಿಗ್ಸ್ ಕಾಂಗ್ರೆಸ್ ಸೇರಿದ್ದು 1955ರ ಜನವರಿ. ಮಿಚಿಗನ್‌ನಿಂದ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಸದಸ್ಯ. ಅಲ್ಲಿಂದ 2023ರ ಜನವರಿಯವರೆಗೆ ಡೆಟ್ರಾಯಿಟ್‌ಗೆ ಒಬ್ಬರಾದರೂ ಕಪ್ಪು ಜನಾಂಗದ ಪ್ರತಿನಿಧಿ ಇದ್ದೇ ಇದ್ದರು. ಬ್ರೆಂಡಾ ಲಾರೆನ್ಸ್ ನಿವೃತ್ತಿ ಆಗಿ ಥಾನೇದಾರ್ ಬಂದ ದಿನ ಆ ಸರಪಳಿ ಕಡಿಯಿತು. ನಾಲ್ಕರಲ್ಲಿ ಮೂವರು ಕಪ್ಪು ಜನರಿರುವ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಡಿಗ್ಸ್ ಪ್ರಮಾಣವಚನ ತೆಗೆದುಕೊಂಡ ಮರು ತಿಂಗಳೇ ಚಿಕ್ಕೋಡಿಯಲ್ಲಿ ಈ ಮಗು ಹುಟ್ಟಿತು. ಯಾಕೋ ಇದು ನನ್ನ ತಲೆಯಿಂದ ಹೋಗುತ್ತಿಲ್ಲ.

ಕುಂದಾ ಪ್ರಿಯ

ಹಾಗಾದರೆ ಜಾತಿ ನೋಡಿ ವೋಟು ಹಾಕೋದು ಅಲ್ಲೂ ಇದೆ ಅನ್ನಿ.

ಅಕ್ಕಿರೊಟ್ಟಿ

ಸುಮ್ನೆ ಹಾಗೆ ತಳ್ಳಿಹಾಕಬೇಡಿ. ಇಲ್ಲಿನ ಕಪ್ಪು ಜನರನ್ನು ಬ್ಯಾಂಕಿನವರು ಸಾಲ ಕೊಡದೆ ಒಂದೇ ಭಾಗಕ್ಕೆ ತಳ್ಳಿದ್ದು, ಇದ್ದ ಕಾಲೊನಿ ಒಡೆದು ಹೈವೇ ಹಾಕಿದ್ದು, ಇದೆಲ್ಲ ಆದಮೇಲೆ ಅವರಿಗೆ ಸಿಕ್ಕ ಕುರ್ಚಿ ಅದು. ಮತ್ತೆ "ನಮ್ಮವರು ಗೆಲ್ಲಬೇಕು ಅಷ್ಟೇ" ಅಂತ ಮೇಲೆ ಬರೆದದ್ದು ಯಾರು ಸ್ವಾಮಿ?

ಸುಮ್ನೆ ಓದುಗ

😂

ಬಿ ಫಾರಂ

2022ರ ಗೆಲುವಿನ ಲೆಕ್ಕ ಯಾರೂ ಹೇಳಲಿಲ್ಲ. ಒಂಬತ್ತು ಜನ ಅಭ್ಯರ್ಥಿಗಳು. ಥಾನೇದಾರ್‌ಗೆ ಶೇ 28. ರಾಜ್ಯ ಸೆನೆಟರ್ ಆಗಿದ್ದ ಆಡಮ್ ಹಾಲಿಯರ್‌ಗೆ ಸುಮಾರು 23. ಉಳಿದದ್ದು ಮಿಕ್ಕವರ ನಡುವೆ ಚೂರುಚೂರು. ಅಲ್ಲಿ ಎರಡನೇ ಸುತ್ತು ಇಲ್ಲ, ಜಾಸ್ತಿ ಬಂದವರು ಗೆದ್ದಂತೆ. ನಮ್ಮಲ್ಲಿ ಬಂಡಾಯ ಅಭ್ಯರ್ಥಿಗಳು ಜಾಸ್ತಿಯಾದರೆ ಯಾರಿಗೆ ಲಾಭ ಅಂತ ಗೊತ್ತಲ್ವಾ? ಅದೇ ಕಥೆ.

2024ರಲ್ಲಿ ಹಾಲಿಯರ್ ಮತ್ತೆ ಬಂದರು. ಆದರೆ ಬ್ಯಾಲೆಟ್‌ಗೇ ಹತ್ತಲಿಲ್ಲ. ಸ್ಪರ್ಧಿಸಲು 1000 ಮತದಾರರ ಸಹಿ ಬೇಕು. ಥಾನೇದಾರ್ ಕಡೆಯವರು ತಕರಾರು ಹಾಕಿದರು. ಎಣಿಸಿದಾಗ ಸರಿಯಾದ ಸಹಿ 863 ಮಾತ್ರ. ಮಾಜಿ ಸೆನೆಟರ್, 137 ಸಹಿ ಕಡಿಮೆ!

ಚಿಕ್ಕೋಡಿ ಎಕ್ಸ್‌ಪ್ರೆಸ್

ನಮ್ಮಲ್ಲಿ ಹತ್ತು ಸೂಚಕರ ಸಹಿ ಸಾಕು, ಅದರಲ್ಲೂ ಎಡವಟ್ಟು ಮಾಡುತ್ತಾರೆ. ಸಾವಿರ ಸಹಿ ಹೇಗೆ ಸೇರಿಸುತ್ತಾರೆ?

ಅಕ್ಕಿರೊಟ್ಟಿ

ನೋಡಿದ್ದೇನೆ. ಶನಿವಾರ ಈಸ್ಟರ್ನ್ ಮಾರ್ಕೆಟ್‌ಗೆ ತರಕಾರಿಗೆ ಹೋಗುತ್ತೇವೆ. ಚೀಲದಲ್ಲಿ ಮೂಲಂಗಿ ಹಿಡಿದು ನಿಂತಾಗ ಒಬ್ಬ ಹೆಂಗಸು ರಟ್ಟಿನ ಹಲಗೆ, ಪೆನ್ನು ಹಿಡಿದು ಬಂದರು. ಯಾವ ಅಭ್ಯರ್ಥಿ ಅಂತ ಹೇಳುವುದಿಲ್ಲ. ಹಾಳೆಯಲ್ಲಿ ಸಾಲುಸಾಲು ಚೌಕ: ಸಹಿ, ಹೆಸರು, ಮನೆ ವಿಳಾಸ, ತಾರೀಕು. ವೋಟರ್ ಹೌದಾ ಅಂದರು. ಸಿಟಿಜನ್ ಅಲ್ಲ ಅಂದೆ. ನಿನ್ನ ಯಜಮಾನರು ಅಂದರು. ಅವರೂ ಅಲ್ಲ. ಪಾಪ, ಚಳಿಗೆ ಪೆನ್ನು ಬೇರೆ ಹೆಪ್ಪುಗಟ್ಟಿತ್ತು, ಕಂಕುಳಲ್ಲಿ ಇಟ್ಟು ಬಿಸಿ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಮುದುಕಪ್ಪ ಹಳೇ ವಿಳಾಸ ಬರೆದು ಅರ್ಧದಲ್ಲಿ ತಿದ್ದಲು ಹೋದ. "ತಿದ್ದಬೇಡಿ, ಆ ಸಾಲು ಪೂರ್ತಿ ಹೊಡೆದುಹಾಕಿ ಹೊಸ ಸಾಲಲ್ಲಿ ಬರೆಯಿರಿ" ಅಂತ ಕಿರುಚಿದರು. ಒಂದೊಂದು ಸಾಲೂ ಅವರಿಗೆ ಮೊಟ್ಟೆ ಇದ್ದಹಾಗೆ.

ಹಳೇ ಪೇಪರ್

ಎಲ್ಲರೂ ಹೊಗಳುವುದಾದರೆ ನಾನು ಇನ್ನೊಂದು ಪುಟ ತಿರುಗಿಸುತ್ತೇನೆ. ಎಲ್ಲ ಪೇಪರ್‌ಗಳಲ್ಲಿ ಬಂದದ್ದೇ.

2010ರಲ್ಲಿ ಅವರ ಔಷಧಿ ಕಂಪನಿ ಮುಚ್ಚಿದಾಗ ನ್ಯೂಜೆರ್ಸಿಯ ಲ್ಯಾಬ್‌ನಲ್ಲಿ ನೂರಕ್ಕೂ ಜಾಸ್ತಿ ಬೀಗಲ್ ನಾಯಿಗಳು, ಜೊತೆಗೆ ಕೋತಿಗಳು ಉಳಿದುಹೋದವು. ಪ್ರಾಣಿ ಸಂಘಟನೆಗಳು ಮಧ್ಯೆ ಬಂದು ಬಿಡಿಸಿದವು. ಬ್ಯಾಂಕು ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತ್ತು, ತನ್ನ ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದು ಥಾನೇದಾರ್ ವಾದ. ಪ್ರತಿ ಎಲೆಕ್ಷನ್‌ಗೂ ಆ ನಾಯಿಗಳು ವಾಪಸ್ ಬರುತ್ತವೆ.

ನಿಲುವಿನ ವಿಷಯ. ಮಿಚಿಗನ್ ಹೌಸ್‌ನಲ್ಲಿದ್ದಾಗ ಇಸ್ರೇಲನ್ನು ವರ್ಣಭೇದದ ದೇಶ ಅನ್ನುವ ನಿರ್ಣಯಕ್ಕೆ ಸಹಿ ಹಾಕಿದ್ದರು. ಅದಕ್ಕೇ 2022ರಲ್ಲಿ ಇಸ್ರೇಲ್ ಪರ ಲಾಬಿ ಮಾಡುವ ಏಪ್ಯಾಕ್‌ಗೆ ಸೇರಿದ ಸೂಪರ್ ಪ್ಯಾಕ್ (ಚುನಾವಣೆಗೆ ದುಡ್ಡು ಸುರಿಯುವ ಗುಂಪು) ಹಾಲಿಯರ್ ಪರ 40 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ಗೆದ್ದ ಮೇಲೆ ಇವರು ಆ ಕಡೆಗೇ ವಾಲಿದರು. 2023ರ ಅಕ್ಟೋಬರ್‌ನಲ್ಲಿ ಡೆಮಾಕ್ರಟಿಕ್ ಸೋಷಲಿಸ್ಟ್ಸ್ ಅನ್ನುವ ಎಡಪಂಥೀಯ ಸಂಘಟನೆಯ ಸದಸ್ಯತ್ವವನ್ನೂ ಬಿಟ್ಟರು. ಮನಸ್ಸು ಬದಲಾಯಿಸಬಾರದು ಅಂತಲ್ಲ. ಆದರೆ ಹ್ಯಾಮ್‌ಟ್ರಾಮಿಕ್‌ನಲ್ಲಿ ಯೆಮೆನಿ, ಬಾಂಗ್ಲಾದೇಶಿ ಮನೆಗಳ ಬಾಗಿಲು ತಟ್ಟುವಾಗ ಏನು ಹೇಳುತ್ತಾರೋ, ನನಗೂ ಕುತೂಹಲ. ಆ ಊರೂ ಇದೇ ಕ್ಷೇತ್ರದಲ್ಲಿದೆ.

ಹಿಮದೂರ ಕನ್ನಡಿಗ

ಹೌದು, ಕ್ಷೇತ್ರವೇ ಒಂದು ಚಿತ್ರಾನ್ನ. ಫೋರ್ಡ್ 1913ರಲ್ಲಿ ಓಡುವ ಅಸೆಂಬ್ಲಿ ಲೈನ್ ಶುರು ಮಾಡಿದ ಹೈಲ್ಯಾಂಡ್ ಪಾರ್ಕ್ ಇದೆ, ಈಗ ಅಲ್ಲಿ ಬಡತನ. ಕೆರೆ ದಂಡೆಯ ಮೇಲೆ ಬಂಗಲೆಗಳ ಗ್ರೋಸ್ ಪಾಯಿಂಟ್ ಇದೆ. ಕಾರ್ಖಾನೆ ಕಾರ್ಮಿಕರ ಟೇಲರ್, ಲಿಂಕನ್ ಪಾರ್ಕ್ ಇದೆ. ವಿಮಾನ ನಿಲ್ದಾಣದ ರೊಮುಲಸ್ ಇದೆ. ನಮ್ಮ ಅಪ್ಪ ಅಮ್ಮ ಬಂದಿಳಿದಾಗ ಮೊದಲು ಕಾಲಿಡುವುದು ಥಾನೇದಾರ್ ಕ್ಷೇತ್ರದಲ್ಲೇ! ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಖುಷಿಯಾದಾರು.

ಹಳೇ ಪೇಪರ್ ಹೇಳಿದ್ದರ ಜೊತೆ ಇನ್ನೂ ಒಂದು ಇದೆ. 2025ರ ಏಪ್ರಿಲ್ ಕೊನೆಗೆ ಟ್ರಂಪ್ ವಿರುದ್ಧ ಏಳು ಆರೋಪಗಳ ವಾಗ್ದಂಡನೆ ನಿರ್ಣಯ ತಂದರು. ಮೇ ತಿಂಗಳಲ್ಲಿ ಮತಕ್ಕೆ ಹಾಕಲೇಬೇಕು ಅಂತ ಪಟ್ಟು ಹಿಡಿದರು. ಸ್ವಂತ ಪಕ್ಷದ ಹಿರಿಯರಿಗೇ ಇಷ್ಟವಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ಇದು ನನ್ನ ಅಭಿಪ್ರಾಯ: ಅದು ಟ್ರಂಪ್‌ಗಿಂತ ಜಾಸ್ತಿ ಆಗಸ್ಟ್ 4ಕ್ಕೆ ಬರೆದ ಕಾಗದ. ಯಾಕೆಂದರೆ ನಿರ್ಣಯ ತಂದ ಅದೇ ಏಪ್ರಿಲ್ ಕೊನೆಯ ವಾರದಲ್ಲಿ ಡೊನವನ್ ಮೆಕಿನ್ನಿ ಇವರ ವಿರುದ್ಧ ನಿಲ್ಲುತ್ತೇನೆ ಅಂತ ಘೋಷಿಸಿದ್ದರು.

ಚಿಕ್ಕೋಡಿ ಎಕ್ಸ್‌ಪ್ರೆಸ್

ಯಾರು ಈ ಮೆಕಿನ್ನಿ?

ಬಿ ಫಾರಂ

ಮಿಚಿಗನ್ ಹೌಸ್ ಸದಸ್ಯ, ಡೆಟ್ರಾಯಿಟ್‌ನ ಯುವಕ, ಕಪ್ಪು ಜನಾಂಗದವರು. ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಬೆಂಬಲ ಇದೆ. ಪಕ್ಕದ 12ನೇ ಕ್ಷೇತ್ರದ ರಶೀದಾ ತ್ಲೈಬ್ ಬೆಂಬಲವೂ ಇದೆ. ಪಕ್ಕದ ಕ್ಷೇತ್ರದ ಸ್ವಂತ ಪಕ್ಷದ ಸಂಸದೆ ಹಾಲಿ ಸದಸ್ಯರ ವಿರುದ್ಧ ನಿಲ್ಲುವುದು ಅಂದರೆ ನೀವೇ ಊಹಿಸಿ. ಹಾಲಿಯರ್ ಮೊದಲು ಇದೇ ಸೀಟಿಗೆ ಬಂದಿದ್ದರು, ಆಮೇಲೆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಯ ಕಡೆ ತಿರುಗಿದರು. ಥಾನೇದಾರ್‌ಗೆ ಇದು ಒಳ್ಳೆಯ ಸುದ್ದಿ ಅಲ್ಲ. ಎದುರಾಳಿಗಳು ಜಾಸ್ತಿ ಇದ್ದಷ್ಟೂ ಅವರಿಗೆ ಸಲೀಸು.

ಲೆಕ್ಕದ ಮೇಷ್ಟ್ರು

ಅಷ್ಟು ಸುಲಭ ಇಲ್ಲ ಬಿ ಫಾರಂ ಅವರೇ. 28ರಲ್ಲಿ ಗೆದ್ದವರು ಅಂತ ಎಲ್ಲರೂ 2022ನ್ನೇ ಹಿಡಿದುಕೊಂಡಿದ್ದಾರೆ. 2024ರ ಪ್ರೈಮರಿಯಲ್ಲಿ ಸಿಟಿ ಕೌನ್ಸಿಲ್‌ನ ಮೇರಿ ವಾಟರ್ಸ್ ಎದುರಿಗಿದ್ದರು, ಡೆಟ್ರಾಯಿಟ್‌ನಲ್ಲಿ ಪರಿಚಿತ ಹೆಸರು. ಆದರೂ ಥಾನೇದಾರ್‌ಗೆ ಅರ್ಧಕ್ಕಿಂತ ಜಾಸ್ತಿ ಬಂತು, ವಾಟರ್ಸ್‌ಗೆ ಮೂರನೇ ಒಂದು ಪಾಲಿನಷ್ಟು. ದುಡ್ಡಿನಿಂದ ಅನ್ನಿ, ಹೆಸರು ಎಲ್ಲ ಕಡೆ ಕಾಣಿಸುವುದರಿಂದ ಅನ್ನಿ, ಅವರಿಗೆ ಮತ ಇದೆ. ಮತದಾರರು ದಡ್ಡರಲ್ಲ.

ಅಕ್ಕಿರೊಟ್ಟಿ

ಹೆಸರು ಕಾಣಿಸುವುದು ನಿಜ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವರ ಮುಖದ ದೊಡ್ಡ ಬೋರ್ಡ್ ಇತ್ತು. ನನ್ನ ನಾಲ್ಕು ವರ್ಷದ ಮಗಳು ಅದನ್ನು ನೋಡಿ "ತಾತ" ಅಂತ ಕೈ ಬೀಸುತ್ತಿದ್ದಳು. ಊರಿನ ಮುಖ ಕಂಡರೆ ಅವಳಿಗೆ ಎಲ್ಲರೂ ತಾತ.

ಕಚೇರಿಯ ಅಂಚೆ, ಜಾಹೀರಾತಿಗೆ ಸರ್ಕಾರಿ ಭತ್ಯೆಯಿಂದ ಜಾಸ್ತಿ ಖರ್ಚು ಮಾಡುತ್ತಾರೆ ಅಂತ ಪೇಪರ್‌ನಲ್ಲಿ ಟೀಕೆ ಬಂದಿತ್ತು. ಜನರಿಗೆ ಮಾಹಿತಿ ತಲುಪಿಸಲು ಅನ್ನುವುದು ಅವರ ಕಡೆಯ ಉತ್ತರ. ಓದುವವರು ಓದುತ್ತಾರೆ.

ಗಡಿ ಕನ್ನಡಿಗ

ನಮ್ಮ ಜನರಿಗಾಗಿ ಏನು ಮಾಡಿದ್ದಾರೆ ಅದು ಹೇಳಿ.

ಹಿಮದೂರ ಕನ್ನಡಿಗ

2023ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ ಸಮುದಾಯಗಳ ಹೆಸರಲ್ಲಿ ಕಾಂಗ್ರೆಸ್‌ನೊಳಗೆ ಒಂದು ಗುಂಪು ಕಟ್ಟಿದರು. 2024ರಲ್ಲಿ ದೇವಸ್ಥಾನಗಳ ಮೇಲಿನ ದಾಳಿ ಖಂಡಿಸುವ ನಿರ್ಣಯ ತಂದರು. ಟ್ರಾಯ್, ನೋವೈ ಕಡೆ ಇದಕ್ಕೆ ಚಪ್ಪಾಳೆ. ಆದರೆ ಸರ್, ಚಪ್ಪಾಳೆ ತಟ್ಟುವವರು ಗೆರೆಯ ಆಚೆ ಇದ್ದಾರೆ. ನಾವು ಕೊಡಬಹುದಾದದ್ದು ಡೊನೇಶನ್. ಅದೂ ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರು ಮಾತ್ರ. ಅಕ್ಕಿರೊಟ್ಟಿಯವರ ಪಕ್ಕದ ಮನೆಯ ಅಮ್ಮನ ಹತ್ತಿರ ಇರುವುದು ವೋಟು.

ಕುಂದಾ ಪ್ರಿಯ

ಅಕ್ಕಾ, ಆ ಅಮ್ಮ ಈ ಸಲ ಯಾರಿಗೆ ಹಾಕುತ್ತಾರಂತೆ? ಮೇಲೆ ನಾನು ಬರೆದದ್ದು ಸ್ವಲ್ಪ ದುಡುಕಾಯಿತು, ಬಿಡಿ.

ಅಕ್ಕಿರೊಟ್ಟಿ

ಕೇಳಿದೆ. ನಿನ್ನೆ ಸಂಜೆ ಕ್ಯಾರೆಟ್ ಹಲ್ವಾ ಕೊಡಲು ಹೋಗಿದ್ದೆ. "ಇಬ್ಬರೂ ನನ್ನ ನೆಲಮಾಳಿಗೆಗೆ ಇಳಿದು ಬರಲಿ, ಆಮೇಲೆ ಹೇಳುತ್ತೇನೆ" ಅಂದರು. ಹಲ್ವಾ ಡಬ್ಬಿ ತೊಳೆದು ಅದರಲ್ಲಿ ಕಾರ್ನ್ ಬ್ರೆಡ್ ಹಾಕಿ ವಾಪಸ್ ಕೊಟ್ಟರು. ಖಾಲಿ ಡಬ್ಬಿ ಕೊಡಬಾರದಂತೆ, ಅವರಲ್ಲೂ.

ಚಿಕ್ಕೋಡಿ ಎಕ್ಸ್‌ಪ್ರೆಸ್

ರಿಸಲ್ಟ್ ನಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

ಹಿಮದೂರ ಕನ್ನಡಿಗ

ಇಲ್ಲಿ ರಾತ್ರಿ 8ಕ್ಕೆ ಮತದಾನ ಮುಗಿಯುತ್ತದೆ. ನಿಮಗೆ ಮಾರನೇ ದಿನ, 5ನೇ ತಾರೀಕು ಬೆಳಿಗ್ಗೆ 5:30, ಹಾಲು ಬರುವ ಹೊತ್ತು. ಮೊದಲ ಅಂಕಿ ನೋಡಿ ಪಟಾಕಿ ತರಬೇಡಿ. ಪೂರ್ತಿ ಎಣಿಕೆ ಮುಗಿಯಲು ಹೊತ್ತು ಬೇಕು. ತಿಂಡಿ ತಿಂದು, ಸ್ನಾನ ಮಾಡಿ ಬಂದು ನೋಡಿ.